ಕತ್ತೆ ಮೇಲೆ ಚನ್ನಾಜಮ್ಮನ ಮಂಚ

ಹೊದ್ಕೊಳ್ಳೇ ಪುಟ್ಟಿ, ಕಾಲು ಆಡಿಸಬೇಡ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ಹುಟ್ಟಿರದ ಕಾಲದಲ್ಲಿ, ಚನ್ನಾಜಮ್ಮ ಅಂತ ಒಬ್ಬಳು ಗೌಡ್ತಿ ಇದ್ದಳಂತೆ. ಕೈ ಧಾರಾಳ, ಬಾಯಿ ಇನ್ನೂ ಧಾರಾಳ. ಒಂದು ಹಿಡಿ ಕೊಟ್ಟರೆ ಊರೆಲ್ಲಾ ಸಾರಿಕೊಂಡು ಬರೋಳಂತೆ. ಸುಗ್ಗಿ ಮುಗಿದ ಮೇಲೆ ಕುರಿಯೋರು ಬಂದು ಅವಳ ಹೊಲದಲ್ಲಿ ಮಂದೆ ನಿಲ್ಲಿಸೋರು, ಹೊಲಕ್ಕೆ ಗೊಬ್ಬರ, ಅವರಿಗೆ ರಾಗಿ, ಆಮೇಲೆ ಮುಂದಿನ ಊರು. ಅಯ್ಯೋ, ಮನೆಯಿಲ್ಲ ಮಠವಿಲ್ಲ ಇವಕ್ಕೆ ಅಂತ ಚನ್ನಾಜಮ್ಮ ಒಂದು ವರ್ಷ ಬೀಸೋಕಲ್ಲು ಕೊಟ್ಟಳಂತೆ, ಆಮೇಲಿನ ವರ್ಷ ಹಿತ್ತಾಳೆ ಹಂಡೆ, ಅದರ ಮುಂದಿನ ವರ್ಷ ತೇಗದ ಮಂಚ. ಎಲ್ಲಾ ಕೊಟ್ಟಿದ್ದು ಅವರನ್ನ ಹೊಸಿಲಾಚೆ ನಿಲ್ಲಿಸಿಯೇ, ಒಳಗೆ ಬಾ ಅನ್ನಲಿಲ್ಲ.

ಆಮೇಲೆ ಮಾರನೇ ವರ್ಷ ಮಂದೆ ಬರ್ತಾ ಇದೆ ಅಂತ ಗೊತ್ತಾಗಿ, ಹೊಗಳಿಸಿಕೊಳ್ಳೋಣ ಅಂತ ಬೀದಿ ಹೆಂಗಸರನ್ನೆಲ್ಲಾ ಕಟ್ಟಿಕೊಂಡು ದಾರಿಗೇ ಹೋದಳಂತೆ. ನೋಡ್ತಾಳೆ, ಕುರಿಯೋರ ಮುದುಕಿ ಜುಂಜಮ್ಮನ ಸೊಸೆ ಈರಿ, ಹಸೀ ಬಾಣಂತಿ, ಊದಿದ ಕಾಲಲ್ಲಿ ಕೂಸು ಎತ್ತಿಕೊಂಡು ನಡೀತಾವಳೆ.

ಥೂ, ಕರುಳಿಲ್ವೇನೇ ಜುಂಜಮ್ಮ, ಕತ್ತೆ ಮೇಲೆ ಕೂರಿಸಬಾರದಾ ಅಂತ ಬೈದಳಂತೆ.

ಎಲ್ಲಿ ಕೂರಿಸಲಿ ತಾಯಿ, ಇರೋವೇ ಮೂರು ಕತ್ತೆ, ಒಂದರ ಮೇಲೆ ನಿಮ್ಮ ಬೀಸೋಕಲ್ಲು, ಒಂದರ ಮೇಲೆ ನಿಮ್ಮ ಹಂಡೆ, ಇನ್ನೊಂದರ ಮೇಲೆ ನಿಮ್ಮ ಮಂಚ ಅಂದಳಂತೆ ಮುದುಕಿ.

ಎಲ್ಲಾದರೂ ಬಿಟ್ಟು ಬರೋದಲ್ವಾ?

ಹೋದ ವರ್ಷ ಹಂಡೆ ಎಲ್ಲಿ, ತೋರಿಸು ಅಂದ್ರಲ್ಲವ್ವಾ. ಇಲ್ಲ ಅಂದ್ರೆ ನಿಮ್ಮ ಹೊಲಕ್ಕೆ ಬಿಡ್ತೀರೋ ಇಲ್ವೋ ಅಂತ ಹೆದರಿಕೆ.

ಹಿಂದೆ ಯಾವಳೋ ಕಿಸಕ್ಕಂತ ನಕ್ಕಳಂತೆ. ಚನ್ನಾಜಮ್ಮನಿಗೆ ಮುಖದ ಮೇಲೆ ಕೆಂಡ ಸುರಿದಂಗಾಯ್ತಂತೆ. ಅಷ್ಟು ವರ್ಷ ಕೊಟ್ಟೋಳು, ಒಂದು ಸಲವೂ ಏನು ಬೇಕು ಅಂತ ಕೇಳಿರಲಿಲ್ಲ ನೋಡು. ನೆಲ ನೋಡ್ಕೊಂಡು ಕೇಳಿದಳಂತೆ, ಏನು ಬೇಕೇ ಜುಂಜಮ್ಮಾ?

ಬಾಣಂತಿ ಚೇತರಿಸಿಕೊಳ್ಳೋಗಂಟ ನಿಮ್ಮ ಪಡಸಾಲೇಲಿ ಒಂದು ಮೂಲೆ ಕೊಡಿ ತಾಯಿ, ಅದನ್ನ ಹೊತ್ಕೊಂಡು ತಿರುಗಬೇಕಾಗಿಲ್ಲ ಅಂದಳಂತೆ.

ಮಂಚ ಕೊಟ್ಟ ಚನ್ನಾಜಮ್ಮನ ಕೈಗೆ ಒಬ್ಬಳನ್ನ ಹೊಸಿಲು ದಾಟಿಸೋದು ಭಾರವಾಯ್ತು. ಆಮೇಲೆ ಕೂಸು ಇಸ್ಕೊಂಡು, ಅಷ್ಟೂ ಹೆಂಗಸರ ಎದುರು ತಲೆ ತಗ್ಗಿಸಿ, ಈರಿ ಕೈ ಹಿಡಿದು ಮನೆಯೊಳಕ್ಕೆ ಕರ್ಕೊಂಡು ಹೋದಳಂತೆ. ತಾನೇ ನೀರು ಕಾಸಿ ಎರೆದಳಂತೆ. ಈರಿ ಕಾಲೂತ ಇಳೀತು, ಕೂಸು ತುಂಬಿಕೊಳ್ತು, ಮಂದೆ ಹೊರಟಾಗ ಕಲ್ಲು, ಹಂಡೆ, ಮಂಚ ಎಲ್ಲಾ ಗೌಡ್ತಿ ಮನೇಲೇ ಉಳಿದವು, ತಾಯಿ ಕೂಸು ಇಬ್ಬರೂ ಬರೀ ಬೆನ್ನಿನ ಕತ್ತೆ ಹತ್ತಿ ಹೋದರಂತೆ. ಈ ವರ್ಷ ಏನು ಕೊಟ್ರಿ ಅಂತ ಯಾರು ಕೇಳಿದರೂ, ಊರೆಲ್ಲಾ ಸಾರ್ತಿದ್ದ ಚನ್ನಾಜಮ್ಮ ಬಾಯಿ ಬಿಡಲಿಲ್ಲವಂತೆ.

ಕತೆ ಇಲ್ಲಿಗೆ ಮುಗೀತು ಕಣೇ, ಇನ್ನು ಕಣ್ಣು ಮುಚ್ಚು.