ಬದುವಿನ ಗರಿಕೆ

"ಗುರುಗಳೇ, ಧ್ಯಾನಕ್ಕೆ ಕೂತರೆ ಮನೆಯೇ ನೆನಪಾಗುತ್ತದೆ. ಅವ್ವ ರೊಟ್ಟಿ ಬಡಿಯುವ ಸದ್ದು, ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವ ವಾಸನೆ, ಬರೀ ಕೆಲಸಕ್ಕೆ ಬಾರದ ಚೂರುಪಾರು. ಎಲ್ಲವನ್ನೂ ಕಿತ್ತುಹಾಕಬೇಕು. ಅವ್ವ ಹೊಲಿದ ಈ ಕೌದಿಯನ್ನು ಇವತ್ತೇ ಹೊಳೆಗೆ ಬಿಡಲೇ?" ಎಂದು ಶಿಷ್ಯ ಕೇಳಿದ. ಕೌದಿ ಆಗಲೇ ಅವನ ಕಂಕುಳಲ್ಲಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನದು ಇಳಿಜಾರಿನ ಹೊಲ, ಬಿತ್ತಿದ್ದೆಲ್ಲ ಬೆಳೆಯುವ ಕಪ್ಪು ಮಣ್ಣು. ಆ ಮಣ್ಣು ಹರಿದುಹೋಗದಂತೆ ಕೆಳಗಡೆ ಒಂದು ಬದು, ಬದುವಿನ ತುಂಬ ಗರಿಕೆ. ಅವನ ಅಪ್ಪ ಮುಂಗಾರಿಗೆ ಮೊದಲು ಕುಡುಗೋಲು ಹಿಡಿದು, ಹೊಲದೊಳಗೆ ಕಾಲಿಟ್ಟ ಗರಿಕೆಯನ್ನಷ್ಟೇ ಸವರುತ್ತಿದ್ದ. ಬದುವಿನ ಮೇಲಿನದನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಅಪ್ಪ, ಮಗ ಇಬ್ಬರೂ ಆ ಹುಲ್ಲಿನ ಮೇಲೆಯೇ ಕೂತು ಬುತ್ತಿ ಬಿಚ್ಚುತ್ತಿದ್ದರು.

ಅಪ್ಪ ತೀರಿಕೊಂಡ. ಹೊಲ ಮಗನ ಕೈಗೆ ಬಂತು. ಮಗ ಗಟ್ಟಿಗ. ಅದು ಊರಿಗಿಂತ ಮೊದಲು ಅವನಿಗೇ ಗೊತ್ತಿತ್ತು. ಗುದ್ದಲಿ ಹಿಡಿದು ಬದುವಿನ ಗರಿಕೆಯನ್ನೆಲ್ಲ ಬೇರುಸಹಿತ ಅಗೆದು ಬಿಸಾಡಿದ. ಅಲ್ಲಿ ಸಾಲಾಗಿ ಬೇವಿನ ಸಸಿ ನೆಟ್ಟ.

ಪಕ್ಕದ ಹೊಲದ ಮುದುಕಿ ಕೇಳಿದಳು: "ಏನೋ, ಬದುವಿನ ತಲೆ ಬೋಳಿಸಿದ್ದೀಯಲ್ಲ, ಯಾವ ದೇವರ ಹರಕೆ?"

"ನಗು ಅಜ್ಜಿ, ನಗು. ನಿನ್ನ ಗರಿಕೆಯ ಬೇರು ಗೇಣುದ್ದ. ನನ್ನ ಬೇವಿನದು ನೆಟ್ಟಗೆ ಪಾತಾಳಕ್ಕೇ ಇಳಿಯುತ್ತದೆ. ಈ ಸೀಮೆಯಲ್ಲಿ ಇಂಥ ಬದು ಇನ್ನೊಂದಿದ್ದರೆ ತೋರಿಸು!"

ಒಂದೆರಡು ವರ್ಷ ಮಳೆ ಸಣ್ಣಗೆ ಬಂತು. ಬೇವು ಆಳೆತ್ತರ ಬೆಳೆಯಿತು. ರೈತನ ಮೀಸೆಯೂ ಮೇಲೇರಿತು. ಆಮೇಲೆ ಒಂದು ಮುಂಗಾರು ಹುಯ್ದೇ ಹುಯ್ಯಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಬೇವು ಒಂದೂ ಬಿದ್ದಿರಲಿಲ್ಲ. ಆದರೆ ಅವುಗಳ ನಡುವಿನ ಬದು ಕೊಚ್ಚಿಹೋಗಿತ್ತು. ಅದರ ಹಿಂದೆಯೇ ಹೊಲದ ಕಪ್ಪು ಮಣ್ಣೂ ಹೋಗಿತ್ತು.

ರೈತ ಮುದುಕಿಯ ಮುಂದೆ ಬಂದು ನಿಂತ. "ಅಷ್ಟು ಆಳಕ್ಕೆ ಹೋದ ಬೇರು ಮಣ್ಣು ಹಿಡಿಯಲಿಲ್ಲವಲ್ಲ, ಅಜ್ಜಿ."

"ಅದು ನೀರು ಹುಡುಕಿಕೊಂಡು ಕೆಳಗೆ ಹೋಯಿತು. ಮರವನ್ನು ನಿಲ್ಲಿಸಿತು. ಅದರ ಕೆಲಸ ಅದು ಮಾಡಿದೆ, ಬೈಯಬೇಡ. ಮೇಲಿನ ಮಣ್ಣು ಹಿಡಿಯುವುದು ಗರಿಕೆಯ ಎಳೆಬೇರು. ಒಂದೊಂದೂ ನೂಲಿನಷ್ಟು. ಎಲ್ಲ ಸೇರಿ ಮಣ್ಣನ್ನು ಹೊಲಿದು ಇಟ್ಟಿರುತ್ತವೆ."

ಮುದುಕಿ ತನ್ನ ಬದುವಿನಿಂದ ಒಂದು ಬುಟ್ಟಿ ಗರಿಕೆ ಅಗೆದು ಕೊಟ್ಟಳು. "ಸಂಕೋಚ ಬೇಡ, ಒಯ್ಯಿ. ನಮ್ಮ ಬದು ಒಡೆದ ವರ್ಷ ನಿನ್ನ ಅಪ್ಪನೇ ನಿಮ್ಮ ಹೊಲದಿಂದ ತಂದು ನೆಟ್ಟುಕೊಟ್ಟದ್ದು ಇದು."

ರೈತ ಉಳಿದ ಮಣ್ಣು ಒಟ್ಟುಮಾಡಿ ಬದು ಕಟ್ಟಿದ. ಬೇವಿನ ಬುಡದ ಸುತ್ತ ಗರಿಕೆ ನೆಟ್ಟ. ಬುತ್ತಿ ಬಿಚ್ಚಿದಾಗ ಕೂರಲು ಹುಲ್ಲಿರಲಿಲ್ಲ. ಕಲ್ಲಿನ ಮೇಲೆ ಕೂತು, ಅಪ್ಪ ಕೂರುತ್ತಿದ್ದ ಕಡೆಗೆ ನೋಡುತ್ತ ಉಂಡ.

ಗುರುಗಳು ಕತೆ ನಿಲ್ಲಿಸಿದರು.

"ಅದು ಹೊಲದ ಮಾತಾಯಿತು, ಗುರುಗಳೇ. ಧ್ಯಾನ ಆಳಕ್ಕೆ ಇಳಿಯಬೇಕಲ್ಲವೇ?" ಎಂದ ಶಿಷ್ಯ.

"ಇಳಿಯಲಿ. ಮಠಕ್ಕೆ ಬಂದ ಹೊಸತರಲ್ಲಿ ನೀನು ಅಳುತ್ತ ಬಾಗಿಲ ಕಡೆಗೇ ನೋಡುತ್ತಿದ್ದೆಯಲ್ಲ, ಆಗ ನಿನ್ನನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದು ಧ್ಯಾನವೋ, ಈ ಕೌದಿಯೋ?"

ಶಿಷ್ಯ ಕೌದಿಯನ್ನು ಕಂಕುಳಿಂದ ತೆಗೆದು, ಮಡಿಸಿ, ತಾನು ಧ್ಯಾನಕ್ಕೆ ಕೂರುವ ಜಾಗದಲ್ಲಿ ಹಾಸಿದ.