ಪಡುವಣ ಕಿಟಕಿಯ ಸುತ್ತುಗೋಲು

ದ್ಯಾಮವ್ವನಿಗೆ ಅಕ್ಷರ ಹತ್ತುವುದಿಲ್ಲ ಎಂದು ಮೊದಲು ಹೇಳಿದವನು ಅವಳ ಮಾವ. ಆಗ ಅವಳಿಗೆ ಮದುವೆಯಾಗಿ ಒಂದು ವರ್ಷ.

ಕಿರಾಣಿ ಸಾಮಾನು ಕಟ್ಟಿಕೊಟ್ಟ ಕಾಗದಗಳಲ್ಲಿ ಅವಳು ಓದು ಕಲಿತಳು. ಅರ್ಧ ಹರಿದ ಸಾಲು, ಎಣ್ಣೆ ಕುಡಿದ ಅಕ್ಷರ. ಕಂಡದ್ದರಿಂದ ಕಾಣದ್ದನ್ನು ಊಹಿಸಿ ಓದುವುದು ಅವಳಿಗೆ ರೂಢಿಯಾಯಿತು.

ಎರಡನೆಯ ಸಲ ಅವಳಿಂದ ಆಗುವುದಿಲ್ಲ ಎಂದವನು ಬಡಿಗ ಮೌನೇಶಪ್ಪ. ಆಗ ಅವಳಿಗೆ ನಲವತ್ತೆಂಟು. ಗಂಡ ತೀರಿಕೊಂಡ ಮೇಲೆ ಕೌದಿ ಹೊಲಿದು ಬದುಕಿ, ಕಡೆಗೆ ಹೊಳೆದಂಡೆಯ ಆಶ್ರಮಕ್ಕೆ ಓದು ಕೇಳಲೆಂದು ಬಂದಿದ್ದಳು. ಮೌನೇಶಪ್ಪ ಹೇಳಿದ್ದು ಓದಿನ ವಿಷಯವಲ್ಲ, ಕಿಟಕಿಯ ವಿಷಯ.

ಆಶ್ರಮದ ಅಜ್ಜನ ಕಣ್ಣು ಮಸುಕಾಗುತ್ತಿತ್ತು. ತಮ್ಮ ಗುರುಗಳು ಕೈಯಾರೆ ಬರೆದಿಟ್ಟ ದೊಡ್ಡ ಪುಸ್ತಕವನ್ನು ಅವರು ಪಡುವಣ ಕಿಟಕಿಯ ಬಳಿ ಕುಳಿತು ಶಿಷ್ಯರಿಗೆ ಓದಿ ಹೇಳುತ್ತಿದ್ದರು. ಹೊತ್ತು ಪಡುವಣಕ್ಕೆ ವಾಲಿ ಆ ಕಿಟಕಿಗೆ ಬೆಳಕು ತುಂಬಿದಾಗ ಮಾತ್ರ ಅವರಿಗೆ ಅಕ್ಷರ ಕಾಣುತ್ತಿತ್ತು. ತುಸು ಹೊತ್ತಿಗೆ ಬಿಸಿಲೇ ಹಾಳೆಯ ಮೇಲೆ ಬೀಳುತ್ತಿತ್ತು. ಆಮೇಲೆ ಅಕ್ಷರವೂ ಇಲ್ಲ, ಹಾಳೆಯೂ ಇಲ್ಲ, ಬರೀ ಬಿಳುಪು. ಅಜ್ಜ ಪುಸ್ತಕ ಮುಚ್ಚುತ್ತಿದ್ದರು.

“ಈ ಬೇಸಿಗೆ ಕಣ್ಣು ಇರುತ್ತದೆ. ಮುಂದಿನ ಬೇಸಿಗೆಯ ಮಾತು ಗೊತ್ತಿಲ್ಲ” ಎಂದಿದ್ದರು.

ಪುಸ್ತಕ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಕಿಟಕಿಗೆ ನೆರಳುಬಟ್ಟೆ ಇರಲಿಲ್ಲವೆಂದಲ್ಲ. ಹೊರಗೆ, ಕಿಟಕಿಯ ನೆತ್ತಿಗೆ, ಎರಡು ಮಾರು ಉದ್ದದ ಸುತ್ತುಗೋಲು ಇತ್ತು. ಅದರ ಎರಡು ತುದಿಗಳು ಗೋಡೆಗೆ ಬಡಿದ ಕಬ್ಬಿಣದ ಬಳೆಗಳಲ್ಲಿ ಕೂತಿದ್ದವು. ಹಗ್ಗ ಎಳೆದರೆ ಗೋಲು ತಿರುಗಿ ಬಟ್ಟೆ ಬಿಚ್ಚಿಕೊಳ್ಳಬೇಕು. ಸಂಜೆ ಹೊಳೆಯ ಗಾಳಿ ಏಳುವ ಮೊದಲು ಮತ್ತೆ ಸುತ್ತಿಕೊಳ್ಳಬೇಕು. ಹಾಗೇ ಬಿಟ್ಟರೆ ಗಾಳಿ ಅದನ್ನು ಚಿಂದಿ ಮಾಡುತ್ತಿತ್ತು.

ಆದರೆ ಗೋಲು ನಡುವಿನಲ್ಲಿ ಬಾಗಿತ್ತು. ಸುತ್ತುವಾಗ ಬಟ್ಟೆ ನಡುವಿಗೆ ಸರಿದು, ನೆರಿಗೆಗಟ್ಟಿ, ತನ್ನನ್ನು ತಾನೇ ಕಚ್ಚಿಕೊಳ್ಳುತ್ತಿತ್ತು. ಮರುದಿನ ಅದನ್ನು ಬಿಡಿಸಲು ಇಬ್ಬರು ಏಣಿ ಹತ್ತಬೇಕು. ಅವರು ಬಿಡಿಸುವಷ್ಟರಲ್ಲಿ ಬಿಸಿಲು ಹಾಳೆಗೆ ಬಂದಿರುತ್ತಿತ್ತು.

“ಇದನ್ನು ನಾನು ಸರಿಮಾಡುತ್ತೇನೆ ಅಜ್ಜಾ” ಎಂದಳು ದ್ಯಾಮವ್ವ.

ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ ಮೌನೇಶಪ್ಪ ತಲೆ ಎತ್ತಲಿಲ್ಲ. “ಸೂಜಿ ಹಿಡಿದ ಕೈಗೆ ಇದು ನಿಲುಕುವುದಲ್ಲ ತಂಗಿ. ನಮ್ಮಪ್ಪ ಕೂರಿಸಿದ ಗೋಲು ಅದು. ಅವನಿಗೇ ಬಗ್ಗಲಿಲ್ಲ.”

“ನಿಮ್ಮಪ್ಪನಿಗೆ ಬಗ್ಗದಿದ್ದರೇನು ಮೌನೇಶಪ್ಪಣ್ಣ, ನಡುವಿನಲ್ಲಿ ಚೆನ್ನಾಗಿಯೇ ಬಗ್ಗಿದೆಯಲ್ಲ.”

ಅಜ್ಜ ನಕ್ಕರು. “ಮಾಡು. ಆದರೆ ನೆರಳು ಎಲ್ಲಿ ಬೀಳುತ್ತದೆ ಎಂದು ಬಿಸಿಲಿನ ಹೊತ್ತಿಗಲ್ಲದೆ ತಿಳಿಯುವುದಿಲ್ಲ. ಆ ಹೊತ್ತಿಗೆ ಒಳಗೆ ಓದು ನಡೆದಿರುತ್ತದೆ.”

ದ್ಯಾಮವ್ವ ಸ್ವಲ್ಪ ಹೊತ್ತು ಪುಸ್ತಕದ ಕಡೆ ನೋಡಿದಳು.

“ಆಗಲಿ” ಎಂದಳು.

ಅಂದಿನಿಂದ ಅವಳು ಹೊರಗಿದ್ದಳು. ಒಳಗಿನಿಂದ ಅಜ್ಜನ ದನಿ ಕೇಳುತ್ತಿತ್ತು. ಗೋಲಿನ ಕಿರುಗುಟ್ಟುವಿಕೆಯಲ್ಲಿ ಮಾತು ತಿಳಿಯುತ್ತಿರಲಿಲ್ಲ.

ಮೊದಲು ಅವಳು ಗೋಲು ಬದಲಿಸಿದಳು. ಹಳೆಯದರ ಎರಡರಷ್ಟು ದಪ್ಪದ ಜಾಲಿಯ ಗೋಲು. ಎತ್ತಿ ಕೂರಿಸಲು ಮೂವರು ಬೇಕಾಯಿತು.

ಅದೂ ಬಾಗಿತು.

“ಯಾಕೆ ಬಾಗಿತು?” ಎಂದು ಕೇಳಿದರು ಅಜ್ಜ.

“ಬಟ್ಟೆಯ ಭಾರಕ್ಕೆ.”

“ಬಟ್ಟೆ ತೆಗೆದು ನೋಡು.”

ಬಟ್ಟೆ ತೆಗೆದಳು. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದಳು. ಬರಿಯ ಗೋಲೂ ನಡುವಿನಲ್ಲಿ ಇಳಿದೇ ಇತ್ತು.

“ತನ್ನ ಭಾರಕ್ಕೇ” ಎಂದಳು ಮೆಲ್ಲಗೆ.

ಅಜ್ಜ ಒಳಗೆ ಹೋದರು.

ಮೌನೇಶಪ್ಪ ಅತ್ತ ಬಂದವನು ಜಾಲಿ ಗೋಲನ್ನು ತಟ್ಟಿ ನೋಡಿದ. “ಒಳ್ಳೆಯ ಮರ. ನಾಲ್ಕು ಕಾಲು ಹಚ್ಚಿದರೆ ಕೂರುವುದಕ್ಕಾದರೂ ಆದೀತು.”

“ಕೂತು ಮಾತಾಡುವವರು ನಮ್ಮಲ್ಲಿ ಆಗಲೇ ಒಬ್ಬರಿದ್ದಾರೆ” ಎಂದು ಅವಳು ಹಳೆಯ ಗೋಲನ್ನೇ ಮತ್ತೆ ಏರಿಸಿದಳು.

ಈ ಸಲ ಗೋಲಿನ ನಡುವಿಗೆ, ಕೆಳಗಿನಿಂದ, ಆನಿಕೆಗೆಂದು ಗೋಡೆಗೆ ಒಂದು ಕವಲೊಡೆದ ಕವೆಗೋಲು ಬಡಿದಳು. ಬಟ್ಟೆ ಪೂರ್ತಿ ಬಿಚ್ಚಿದ್ದಾಗ ಬರಿಯ ಗೋಲು ಕವೆಯಲ್ಲಿ ನೆಟ್ಟಗೆ ಕೂತಿತು. ಒಳಗೆ ಹೋಗಿ ಅಜ್ಜನನ್ನು ಕರೆಯಲೇ ಎಂದುಕೊಂಡಳು. ಸಂಜೆ ಸುತ್ತಿ ತೋರಿಸಿದರಾಯಿತು ಎಂದು ತಡೆದಳು.

ಸಂಜೆ ಸುತ್ತಿದಳು. ಮೂರು ಸುತ್ತಿಗೆ ಬಟ್ಟೆ ದಪ್ಪವಾಗಿ ಕವೆಗೆ ಒತ್ತಿತು. ಆರನೆಯ ಸುತ್ತಿಗೆ ಹಗ್ಗ ಬಿಗಿಯಿತು. ಅವಳು ಜಗ್ಗಿದಳು. ಬಟ್ಟೆ ಅಡ್ಡಕ್ಕೆ ಪರ್‍ರೆಂದು ಹರಿಯಿತು.

ಅಷ್ಟು ಗಟ್ಟಿಯಾದ ಬಟ್ಟೆ ಆಶ್ರಮದಲ್ಲಿ ಬೇರೆ ಇರಲಿಲ್ಲ. ದ್ಯಾಮವ್ವನ ಗಂಟಿನಲ್ಲಿ ಒಂದು ಕೌದಿ ಇತ್ತು. ಅವಳ ತಾಯಿಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ತಾಯಿಯೇ ಹೊಲಿದದ್ದು. ಮಾವನ ಮನೆಯಿಂದ ಹೊರಬಿದ್ದಾಗ ಅವಳು ತಂದ ಸಾಮಾನು ಅದೊಂದೇ.

ಎರಡು ದಿನ ಕೂತು ಅದನ್ನು ಪದರ ಪದರ ಬಿಚ್ಚಿದಳು. ತಾಯಿಯ ಹೊಲಿಗೆಯ ದಾರವನ್ನು ಕತ್ತರಿಸಲಿಲ್ಲ, ಎಳೆದು ತೆಗೆದು ಸುತ್ತಿಟ್ಟುಕೊಂಡಳು. ಅದೇ ದಾರದಲ್ಲಿ ನೆರಳುಬಟ್ಟೆ ಹೊಲಿದಳು.

ಮತ್ತೆ ಕವೆ ಬಡಿದಳು, ಒಂದು ಬೆರಳು ಕೆಳಗೆ. ಈಗ ಬಟ್ಟೆ ಸುತ್ತಿದ್ದಾಗ ಸರಿಯಿತ್ತು, ಬಿಚ್ಚಿದಾಗ ಗೋಲು ಕವೆಯನ್ನು ಮುಟ್ಟಲೇ ಇಲ್ಲ. ಬಾಗಿತು. ನೆರಿಗೆ ಬಂತು. ಅರ್ಧ ಬೆರಳು ಮೇಲೆ ಬಡಿದಳು. ಕಾಲು ಬೆರಳು ಕೆಳಗೆ ಬಡಿದಳು. ಗೋಡೆ ತುಂಬ ತೂತಾಯಿತು.

ಒಂದು ತಿಂಗಳು ಕಳೆಯಿತು. ಒಳಗೆ ಹಾಳೆಗಳು ತಿರುಗುತ್ತಿದ್ದವು.

ಒಂದು ದಿನ ಅವಳು ಓದಿನ ನಡುವೆಯೇ ಕಿಟಕಿಯ ಆಚೆಯಿಂದ ಕೇಳಿಬಿಟ್ಟಳು. “ಆನಿಕೆ ಕೊಟ್ಟರೆ ಕಚ್ಚುತ್ತದೆ. ತೆಗೆದರೆ ಬಾಗುತ್ತದೆ. ಯಾವುದು ಸರಿ ಅಜ್ಜಾ?”

ಶಿಷ್ಯರು ಹುಬ್ಬು ಗಂಟಿಕ್ಕಿದರು. ಅಜ್ಜ ಪುಸ್ತಕ ಮುಚ್ಚಿ ಎದ್ದು ಹೊರಗೆ ಬಂದರು. ಕವೆಯನ್ನು ಕಿತ್ತು ಹಾಕಲು ಹೇಳಿದರು. ಏಣಿಯ ನಾಲ್ಕು ಮೆಟ್ಟಿಲು ಹತ್ತಿ, ಗೋಲಿನ ನಡುವಿಗೆ ಕೆಳಗಿನಿಂದ ಅಂಗೈ ಕೊಟ್ಟು ನಿಂತರು.

“ಸುತ್ತು” ಎಂದರು.

ಅವಳು ಹಗ್ಗ ಎಳೆದಳು.

ಗೋಲು ಅಂಗೈಯ ಮೇಲೆ ತಿರುಗಿತು. ಬಟ್ಟೆ ಒಂದೊಂದು ಸುತ್ತು ಏರಿದಂತೆ ಅಂಗೈ ಕೂದಲೆಳೆಯಷ್ಟು ಕೆಳಗೆ ಸರಿಯಿತು. ಒತ್ತಲಿಲ್ಲ. ಬಿಟ್ಟುಕೊಡಲೂ ಇಲ್ಲ. ಎರಡು ಮಾರು ಬಟ್ಟೆ ಒಂದು ನೆರಿಗೆಯಿಲ್ಲದೆ, ಒಂದು ಸದ್ದಿಲ್ಲದೆ, ಅಂಚಿಗೆ ಅಂಚು ಕೂಡಿ ಸುರುಳಿಯಾಯಿತು.

ದ್ಯಾಮವ್ವ ಹಗ್ಗ ಹಿಡಿದೇ ನಿಂತಳು.

“ಬಿಚ್ಚು” ಎಂದರು ಅಜ್ಜ.

ಬಿಚ್ಚಿದಳು. ಸುರುಳಿ ತೆಳುವಾದಂತೆ ಅಂಗೈ ಅದರ ಹಿಂದೆಯೇ ಮೇಲೇರಿತು.

“ಎಷ್ಟು ಬಿಗಿಯಾಗಿ ಹಿಡಿದಿರಿ ಅಜ್ಜಾ?”

“ಹಿಡಿದೆನೇ?” ಎಂದು ಅಜ್ಜ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಇಳಿದು ಒಳಗೆ ಹೋದರು.

ಮರುದಿನ ಬೆಳಗ್ಗೆ ಅವಳು ಹೊಳೆದಂಡೆಯಲ್ಲಿ ಕೂತಿದ್ದಳು. ಪಕ್ಕದ ತೋಟದವನು ಏತದಿಂದ ನೀರೆತ್ತುತ್ತಿದ್ದ. ಒಂದು ತುದಿಗೆ ಕೊಡ, ಒಂದು ತುದಿಗೆ ಕಲ್ಲು. ಕೊಡ ಇಳಿದರೆ ಕಲ್ಲು ಏರುತ್ತಿತ್ತು, ಕಲ್ಲು ಇಳಿದರೆ ಕೊಡ ಏರುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದಳು. ಅವತ್ತು ಬಿಸಿಲೇರುವ ತನಕ ನೋಡಿದಳು.

ಆಮೇಲೆ ಕಿಟಕಿಯ ನೆತ್ತಿಗೆ ಮೊಳದುದ್ದದ ಒಂದು ಏತ ಮಾಡಿದಳು. ಒಂದು ತುದಿಯಲ್ಲಿ, ಗೋಲಿನ ನಡುವಿಗೆ ಕೆಳಗಿನಿಂದ ತಾಗುವಂತೆ, ತಿರುಗುವ ಎರಡು ಪುಟ್ಟ ಮರದ ಉರುಳೆಗಳು. ಬಟ್ಟೆ ಸವೆಯದಿರಲೆಂದು ಅವಕ್ಕೆ ಕೌದಿಯಲ್ಲಿ ಉಳಿದ ಮೆತ್ತನೆಯ ತುಂಡು ಸುತ್ತಿದಳು. ಇನ್ನೊಂದು ತುದಿಗೆ ಒಂದು ಚೀಲ.

ಚೀಲಕ್ಕೆ ಹೊಳೆಯ ಕಲ್ಲು ಹಾಕುತ್ತ ಹೋದಳು. ಒಂದು ಹಾಕುವುದು, ಹಗ್ಗ ಎಳೆಯುವುದು, ಕಿವಿಗೊಡುವುದು. ಗೋಲು ಕಿರುಗುಟ್ಟುತ್ತಿತ್ತು. ಮತ್ತೊಂದು ಹಾಕುವುದು.

ಹದಿನೇಳನೆಯ ಕಲ್ಲಿಗೆ ಸದ್ದು ನಿಂತಿತು.

ಒಳಗೆ ಅಜ್ಜನ ದನಿಯೂ ನಿಂತಿತು.

ಶಿಷ್ಯರು ತಲೆ ಎತ್ತಿದರು. ಹಾಳೆಯ ಅಂಚಿಗೆ ಬಂದಿದ್ದ ಬಿಸಿಲು ಹಿಂದಕ್ಕೆ ಸರಿಯಿತು. ಚಾಪೆ ದಾಟಿತು, ಕಿಟಕಿಯ ಕಟ್ಟೆ ದಾಟಿತು, ಹೊರಗೆ ಹೋಯಿತು. ಒಳಗೆ ಬೆಳಕು ಉಳಿಯಿತು. ಅಜ್ಜ ಮುಂದಿನ ಸಾಲು ಓದಿದರು.

ಮರುದಿನ ಮೌನೇಶಪ್ಪ ಬಂದ. ಏಣಿ ಹತ್ತಿದ. ತುಂಬ ಹೊತ್ತು ಇಳಿಯಲಿಲ್ಲ.

“ಎಷ್ಟು ಕಲ್ಲು?”

“ಹದಿನೇಳು.”

“ಹದಿನೆಂಟಾದರೆ?”

“ಗೋಲನ್ನು ಮೇಲಕ್ಕೆ ನೂಕುತ್ತದೆ.”

“ಹದಿನಾರಾದರೆ?”

“ಕಿರುಗುಟ್ಟುತ್ತದೆ.”

ಅವನು ಇಳಿದು ಹಗ್ಗ ಹಿಡಿದ. ಸುತ್ತಿದ, ಬಿಚ್ಚಿದ. ಮತ್ತೆ ಸುತ್ತಿದ, ಬಿಚ್ಚಿದ. ಹಗ್ಗವನ್ನು ಅವಳ ಕೈಗೆ ಕೊಡುವಾಗ “ನಮ್ಮಪ್ಪ ಇರಬೇಕಾಗಿತ್ತು” ಎಂದಷ್ಟೇ ಹೇಳಿದ.

ಆ ಬೇಸಿಗೆಯೆಲ್ಲ ಓದು ಸಂಜೆಯ ತನಕ ನಡೆಯಿತು. ದ್ಯಾಮವ್ವ ಕಿಟಕಿಯ ಪಕ್ಕದಲ್ಲೇ ಕೂತು ಕೇಳಿದಳು. ಮೊದಲ ಮಳೆ ಬೀಳುವ ಹಿಂದಿನ ದಿನ ಕೊನೆಯ ಹಾಳೆ ಮುಗಿಯಿತು.

ಮಳೆಗಾಲ ಕಳೆದು ಮತ್ತೆ ಬಿಸಿಲು ಬಂದಾಗ ಅಜ್ಜ ಪುಸ್ತಕ ತೆರೆದರು. ಬೆಳಕಿಗೆ ಹಿಡಿದರು. ಓರೆ ಮಾಡಿ ಹಿಡಿದರು. ಆಮೇಲೆ ಮುಚ್ಚಿ ಅದನ್ನು ಮುಂದೆ ಚಾಚಿದರು.

“ದ್ಯಾಮವ್ವಾ, ತಗೋ. ಇನ್ನು ಇದು ನಿನ್ನದು. ಶಾಯಿ ಅಲ್ಲಲ್ಲಿ ಮಾಸಿದೆ. ಕಿರಾಣಿ ಕಾಗದದ ಅರ್ಧ ಅಕ್ಷರ ಓದಿ ಬಲ್ಲವಳು ನೀನೊಬ್ಬಳೇ.”

ಹಿರಿಯ ಶಿಷ್ಯ ಶಿವಲಿಂಗಯ್ಯನಿಗೆ ತಡೆಯಲಾಗಲಿಲ್ಲ. “ಅಜ್ಜಾ, ಅವಳು ತಿಂಗಳಿಗೂ ಮೇಲೆ ಪಾಠವನ್ನೇ ಕೇಳಿಲ್ಲ. ಹೊರಗಿದ್ದಳು.”

ಅಜ್ಜ ಅವಳ ಕಡೆ ತಿರುಗಿದರು. “ಹೌದೇ?”

“ಹೌದು ಅಜ್ಜಾ. ಒಂದು ತಿಂಗಳು ಆರು ದಿನ. ಮೂವತ್ತೊಂಬತ್ತು ಹಾಳೆ. ಎಣಿಸಿಟ್ಟಿದ್ದೇನೆ.”

“ಮತ್ತೇನು ಹೋಯಿತು?”

“ಅವ್ವನ ಕೌದಿ.”

“ಈಗ ಏನಿದೆ?”

ಅವಳು ಕಿಟಕಿಯ ಕಡೆ ನೋಡಿದಳು. ಬಟ್ಟೆಯಲ್ಲಿ ತಾಯಿಯ ಸೀರೆಯ ಕೆಂಪು ಅಂಚು ಬೆಳಕಿಗೆ ಕಾಣುತ್ತಿತ್ತು.

“ಇಷ್ಟು ನೆರಳು. ಈ ಪುಸ್ತಕ.”

ಅಜ್ಜ ತಮ್ಮ ಮಣೆಯಿಂದ ಎದ್ದು, ಗೋಡೆಯನ್ನು ತಡವುತ್ತ ಬಂದು, ಶಿಷ್ಯರ ಸಾಲಿನ ಕೊನೆಯಲ್ಲಿ ಚಾಪೆಯ ಮೇಲೆ ಕುಳಿತರು.

“ಆ ಮೂವತ್ತೊಂಬತ್ತು ಹಾಳೆಯಿಂದಲೇ ಶುರುಮಾಡು ತಾಯಿ. ಆಗ ನನ್ನ ಬಾಯಿ ಅವನ್ನು ಓದುತ್ತಿತ್ತು, ಕಿವಿ ಹೊರಗೆ ನಿನ್ನ ಗೋಲಿನ ಮೇಲಿತ್ತು. ನಾನೂ ಅವನ್ನು ಇನ್ನೂ ಕೇಳಿಲ್ಲ.”