ಆಡು ತಿನ್ನದ ಎಲೆ

ತೋಪಿನ ಕಾಲೇಜಿನಲ್ಲಿ ಚಿಗುರಿ ಎಂಬ ಅಳಿಲು ಓದುತ್ತಿತ್ತು. ಮುಂದೆ ಬರೆದೇ ಬದುಕಬೇಕೆಂಬುದು ಅದರ ಆಸೆ. ವಾರಕ್ಕೊಂದು ಕಥೆಯನ್ನು ಹಲಸಿನ ಎಲೆಯ ಮೇಲೆ ಉಗುರಿನಿಂದ ಗೀರಿ, ಕಾಲೇಜು ಪತ್ರಿಕೆಯ ಸಂಪಾದಕನಾದ ಆಡಿಗೆ ಒಪ್ಪಿಸುತ್ತಿತ್ತು. ಆಡು ಎಲೆಯನ್ನು ಅಲ್ಲೇ ಮೆಲ್ಲುತ್ತಾ, "ಸೊಗಸಾಗಿದೆ ಮಗಳೇ, ಮುಂದಿನ ಸಲ ಇನ್ನೂ ಎಳೆಯದು ತಾ" ಎನ್ನುತ್ತಿತ್ತು. ಅಳಿಲು ಇನ್ನೂ ಎಳೆಯ ಎಲೆ ಹುಡುಕಿಕೊಂಡು ಹೋಗುತ್ತಿತ್ತು. ಹೀಗೆ ಮೂರು ವರ್ಷ ಕಳೆಯಿತು. ಅದು ಬರೆದ ಒಂದು ಸಾಲನ್ನೂ ಯಾರೂ ಓದಲಿಲ್ಲ.

ಓದಿನ ಕೊನೆಯ ತಿಂಗಳು, ಎಲೆ ಹುಡುಕಿ ಸೋತ ಅಳಿಲಿಗೆ ಹಲಸಿನ ಮರ ಹತ್ತುವ ಶಕ್ತಿಯೂ ಉಳಿದಿರಲಿಲ್ಲ. ಬೇಲಿಯಲ್ಲಿ ಕೈಗೆ ಸಿಕ್ಕ ಆಡುಸೋಗೆಯ ಕಹಿ ಎಲೆಯ ಮೇಲೆ, ತನ್ನ ತಂಗಿಯನ್ನು ಗಿಡುಗ ಎತ್ತಿಕೊಂಡು ಹೋದ ದಿನ ತಾನು ಪೊಟರೆಯೊಳಗೆ ಅಡಗಿ ಕುಳಿತಿದ್ದನ್ನು ಬರೆಯಿತು.

ಆಡು ಮೂಸಿ ಮುಖ ತಿರುಗಿಸಿತು. "ಇದು ನನ್ನ ಬಾಯಿಗೆ ಒಗ್ಗದು. ತೆಗೆದುಕೊಂಡು ಹೋಗು."

"ಹೊತ್ತೊಯ್ಯುವ ತ್ರಾಣವಿಲ್ಲ ಸ್ವಾಮಿ, ಇಲ್ಲೇ ಬಿದ್ದಿರಲಿ. ನಾನಿನ್ನು ಬರೆಯುವುದಿಲ್ಲ" ಎಂದು ಅಳಿಲು ಬೇಲಿಯ ಬುಡದಲ್ಲಿ ಕುಸಿದು ಕುಳಿತಿತು.

ಗಾಡಿ ಎಳೆದು ದಣಿದು ಬಂದ ಎತ್ತು ಬಿದ್ದಿದ್ದ ಎಲೆಯನ್ನು ನಿಧಾನವಾಗಿ ಓದಿತು. ಮತ್ತೊಮ್ಮೆ ಓದಿತು.

"ಇದನ್ನು ಬರೆದವರು ಯಾರಮ್ಮ?"

"ನಾನೇ, ಎತ್ತಣ್ಣ."

"ತಾಯಿ ಬಂದು ತಂಗಿಯೆಲ್ಲಿ ಎಂದಾಗ ಏನು ಹೇಳಿದೆ?"

ಅಳಿಲು ಕಷ್ಟಪಟ್ಟು ಎದ್ದು, ಆಡುಸೋಗೆಯ ಇನ್ನೊಂದು ಎಲೆಯನ್ನು ಕಿತ್ತುಕೊಂಡಿತು.